‘ಷೀಸ್ ಲೀವಿಂಗ್ ಹೋಮ್’: ಆಕರ ಮತ್ತು ಶ್ರುತಿಭೇದ

1. ಆಕರ

ಮನೆ ಬಿಟ್ಟು ಹೋದ 17 ವರ್ಷದ ವಿದ್ಯಾರ್ಥಿನಿಯೊಬ್ಬಳ ಸುದ್ದಿ ಲಂಡನ್ನಿನ ‘ಡೇಲಿ ಮೇಲ್’ ಪತ್ರಿಕೆಯಲ್ಲಿ 1967ರ ಫೆಬ್ರುವರಿ 27ರಂದು ಪ್ರಕಟವಾಯಿತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತಮ್ಮ ಈ ಹಾಡಿಗೆ ಪತ್ರಿಕೆಯೊಂದರ ಸುದ್ದಿಯೇ ಪ್ರೇರಣೆ ಎಂದಿದ್ದಾರೆ. ಅದು ಇದೇ ವರದಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ವಾದ್ಯಭಾಗದ ಧ್ವನಿಮುದ್ರಣ ಮಾರ್ಚ್ 17ರಂದು ನಡೆದಿರುವುದರಿಂದ, ಈ ಅಭಿಪ್ರಾಯದ ಪ್ರಕಾರ ರಚನೆಗೂ ವಾದ್ಯಸಂಯೋಜನೆಗೂ ಸಿಕ್ಕ ಒಟ್ಟು ಅವಧಿ 18 ದಿನ.

1963ರ ಅಕ್ಟೋಬರಿನಲ್ಲಿ ‘ರೆಡಿ ಸ್ಟೆಡಿ ಗೋ!’ ಟಿವಿ ಕಾರ್ಯಕ್ರಮದ ಸ್ಪರ್ಧೆಯೊಂದರಲ್ಲಿ ಮೆಕಾರ್ಟ್ನಿ ಇದೇ ಹುಡುಗಿಯನ್ನು ವಿಜೇತೆಯಾಗಿ ಆರಿಸಿದ್ದರು. ಕುತೂಹಲಕರ ಸಂಗತಿಯೇನೋ ಹೌದು. ಆದರೆ ಪ್ರೇರಣೆಗೆ ಇದನ್ನು ಪುರಾವೆಯಾಗಿ ಬಳಸುವುದು ಸಾಧುವಲ್ಲ.

2. ವ್ಯತ್ಯಾಸಗಳು

ಹಾಡಿನ ಹುಡುಗಿ ಬುಧವಾರ ಬೆಳಗಿನ ಐದಕ್ಕೆ, ತಂದೆತಾಯಿ ಮಲಗಿರುವಾಗ ಹೊರಡುತ್ತಾಳೆ. ನಿಜ ಘಟನೆಯಲ್ಲಿ ಆಕೆ ಹೊರಟದ್ದು ಮಧ್ಯಾಹ್ನ, ಅವರು ಕೆಲಸಕ್ಕೆ ಹೋಗಿದ್ದಾಗ. ಹಾಡಿನಲ್ಲಿ ಆಕೆ ಭೇಟಿಯಾಗುವವನು ಮೋಟಾರು ವ್ಯಾಪಾರದವನು. ವಾಸ್ತವದಲ್ಲಿ ಜೊತೆಗಿದ್ದವನು ಜೂಜುಕಟ್ಟೆಯ ನೌಕರ. ಮೋಟಾರು ವ್ಯಾಪಾರದವನನ್ನು ಬೀಟಲ್ಸ್ ಬಳಗದ ಪರಿಚಿತರೊಬ್ಬರೊಂದಿಗೆ ಗುರುತಿಸುವ ಊಹೆಯಿದೆ. ಮೆಕಾರ್ಟ್ನಿ ಆ ಪಾತ್ರ ಕಲ್ಪಿತವೆಂದಿದ್ದಾರೆ. ನಿಜದ ಹುಡುಗಿ ಕೆಲವು ದಿನಗಳಲ್ಲಿ ಮನೆಗೆ ಮರಳಿದಳು, ಹಾಡಿನಲ್ಲಿ ಮರಳುವಿಕೆಯಿಲ್ಲ.

ಮಗಳಿಗೆ ಇಲ್ಲಿ ಎಲ್ಲವೂ ಇತ್ತು, ಏಕೆ ಹೋದಳೋ ತಿಳಿಯದು ಎಂಬ ತಂದೆಯ ಮಾತು ವರದಿಯಲ್ಲಿದೆ. ಹಾಡಿಗೆ ನೇರವಾಗಿ ಇಳಿದಿರುವುದು ಬಹುಶಃ ಇದೊಂದೇ. ಇಲ್ಲಿಯೂ ಒಂದು ತೊಡಕಿದೆ: ಪಲ್ಲವಿಯಲ್ಲಿ ಹೆತ್ತವರ ದನಿಯಾಗಿ ಬರುವ ಸಾಲುಗಳು ತಂಡದ ಜಾನ್ ಲೆನನ್ ಅವರವು, ಮತ್ತು ಅವು ತಮ್ಮನ್ನು ಸಾಕಿದ ಮಿಮಿ ದೊಡ್ಡಮ್ಮ ಆಡುತ್ತಿದ್ದಂಥ ಮಾತುಗಳೆಂದು ಲೆನನ್ ಹೇಳಿದ್ದಾರೆ. ಆದ್ದರಿಂದ ಪಲ್ಲವಿಗೆ ಎರಡು ಆಕರಗಳನ್ನು ಊಹಿಸುವುದು ಹೆಚ್ಚು ಸುರಕ್ಷಿತ.

3. ವಾದ್ಯವೃಂದ

ನಾಲ್ಕು ಪಿಟೀಲು, ಎರಡು ವಿಯೋಲಾ, ಎರಡು ಚೆಲ್ಲೊ, ಒಂದು ಡಬಲ್ ಬಾಸ್, ಒಂದು ಹಾರ್ಪ್. ಗಿಟಾರು, ಡ್ರಮ್ ಇಲ್ಲ. ತಂಡದ ಯಾರೂ ವಾದ್ಯ ನುಡಿಸಿಲ್ಲ. ಹಾರ್ಪ್ ನುಡಿಸಿದವರು ಶೀಲಾ ಬ್ರಾಂಬರ್ಗ್. ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಗೆ ಬಿಡುವಿಲ್ಲದ್ದರಿಂದ ವಾದ್ಯಸಂಯೋಜನೆ ಮೈಕ್ ಲಿಯಾಂಡರ್ ಅವರ ಪಾಲಾಯಿತು. ಧ್ವನಿಮುದ್ರಣದಲ್ಲಿ ವೃಂದವನ್ನು ನಿರ್ದೇಶಿಸಿದವರು ಮಾತ್ರ ಮಾರ್ಟಿನ್. ಈ ಹಾಡನ್ನು ರಾಕ್ ಎಂದು ವರ್ಗೀಕರಿಸುವುದು ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ ಸಂದರ್ಭದಿಂದ, ನಾದದಿಂದಲ್ಲ.

4. ಶ್ರುತಿ

ಮೆಕಾರ್ಟ್ನಿ, ಲೆನನ್ ಇಬ್ಬರ ಗಾಯನ ಮಾರ್ಚ್ 20ರಂದು ಸೇರಿತು. ಮೊನೊ ಮಿಕ್ಸ್ ಸಹ ಅಂದಿನದೇ. ಸ್ಟೀರಿಯೊ ಮಿಕ್ಸ್ ಏಪ್ರಿಲ್ 17ರದು. ಮೊನೊದಲ್ಲಿ ಟೇಪಿನ ವೇಗ ಹೆಚ್ಚಿರುವುದರಿಂದ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರಿ ಎಫ್ ಮೇಜರ್ ಆಗುತ್ತದೆ, ಅವಧಿಯೂ ಕೆಲವು ಸೆಕೆಂಡು ಕುಗ್ಗುತ್ತದೆ. ಸ್ಟೀರಿಯೊದಲ್ಲಿ ಇ ಮೇಜರ್. ಜಾರ್ಜ್ ಅವರ ಮಗ ಜೈಲ್ಸ್ ಮಾರ್ಟಿನ್ ಅವರ 2017ರ ಸ್ಟೀರಿಯೊ ಮರುಮಿಶ್ರಣ ಮೊನೊದ ವೇಗವನ್ನೇ ಅನುಸರಿಸಿದೆ. ಹಾಗಾಗಿ ‘ಸ್ಟೀರಿಯೊ’ ಎಂದಷ್ಟೇ ನಮೂದಿಸಿದರೆ ಶ್ರುತಿ ನಿರ್ಧಾರವಾಗದು. ಮಿಕ್ಸಿನ ವರ್ಷವನ್ನೂ ಕೊಡಬೇಕು. ಹಾಡಿನ ಗತಿ ಅಥವಾ ದನಿ ಎಷ್ಟು ಎಳೆಯದಾಗಿ ಕೇಳುತ್ತದೆ ಎಂಬುದರ ಬಗ್ಗೆ ಮಾಡುವ ಯಾವ ಹೇಳಿಕೆಗೂ ಇದು ಅನ್ವಯಿಸುತ್ತದೆ.