ಯುವಜನರಲ್ಲಿ ಮಾನಸಿಕ ಕಾಯಿಲೆ: ಕುಟುಂಬದವರಿಗೆ ಹಾಗೂ ಚರ್ಚ್ ಸಭೆಗಳಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳ ಸಾರ್ವಜನಿಕರ, ವಿಶೇಷವಾಗಿ ಕ್ರೈಸ್ತ ಸಭೆಗಳ ಪಾಲಕರು, ಹಿರಿಯರು ಮತ್ತು ತಂದೆ-ತಾಯಿಯರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಠ, ಮಂದಿರ, ದರ್ಗಾಗಳಿಗೆ ನಡೆದುಕೊಳ್ಳುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ.

ಹದಿಹರೆಯದ ಮಗನ ಅಥವಾ ಮಗಳ ನಡತೆ ಇದ್ದಕ್ಕಿದ್ದಂತೆ ಬದಲಾದಾಗ ಅನೇಕ ಕುಟುಂಬಗಳು ಮೊದಲು ಹೋಗುವುದು ಆಸ್ಪತ್ರೆಗಲ್ಲ, ತಾವು ನಂಬಿದ ಪ್ರಾರ್ಥನಾ ಸ್ಥಳಕ್ಕೆ. ಇದನ್ನು ತಪ್ಪೆಂದು ಭಾವಿಸಬೇಕಾಗಿಲ್ಲ. ವೈದ್ಯರನ್ನು ಕಾಣದೆ ಅಲ್ಲಿಯೇ ತಿಂಗಳುಗಳು ಕಳೆದಾಗ ಮಾತ್ರ ತೊಂದರೆಯಾಗುತ್ತದೆ. ಆದ್ದರಿಂದ ಮೊದಲ ವಾರದಲ್ಲಿ ಸಭೆಯ ಪಾಲಕರು ಹೇಳುವ ಒಂದು ಮಾತು ಆ ಯುವಕನ ಮುಂದಿನ ಅನೇಕ ವರ್ಷಗಳನ್ನು ನಿರ್ಧರಿಸಬಹುದು.

ಈ ವಯಸ್ಸಿನಲ್ಲಿಯೇ ಏಕೆ?

ಮಾನಸಿಕ ಕಾಯಿಲೆಗಳು ಬಹುಪಾಲು ಎಳೆಯ ವಯಸ್ಸಿನಲ್ಲಿ ಆರಂಭವಾಗುತ್ತವೆ. ನಾನಾ ದೇಶಗಳ 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2022 ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸುಮಾರು ಮೂರನೇ ಒಂದು ಭಾಗದಷ್ಟು ರೋಗಿಗಳಲ್ಲಿ 14 ವರ್ಷದೊಳಗೆ, ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ 18 ವರ್ಷದೊಳಗೆ ಹಾಗೂ ಶೇ. 62 ಕ್ಕಿಂತ ಹೆಚ್ಚು ಜನರಲ್ಲಿ 25 ವರ್ಷದೊಳಗೆ ಕಾಯಿಲೆ ಕಾಣಿಸಿಕೊಂಡಿರುತ್ತದೆ. ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16 ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13 ರಿಂದ 17 ವರ್ಷದವರಲ್ಲಿ ಶೇ. 7.3 ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತು. ಅಂದರೆ 40 ಮಕ್ಕಳಿರುವ ಒಂದು ತರಗತಿಯಲ್ಲಿ ಸರಾಸರಿ ಮೂವರು. ತಂದೆ-ತಾಯಿಯ ಪಾಪದಿಂದಾಗಲಿ, ಮಗುವಿನ ಅವಿಶ್ವಾಸದಿಂದಾಗಲಿ ಇದು ಬರುವುದಿಲ್ಲ.

ಯಾವುದನ್ನು ಗಮನಿಸಬೇಕು?

ಎರಡು ವಾರಗಳಿಗೂ ಮೀರಿ ನಿದ್ರೆ ಕೆಡುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ಕಾರಣವಿಲ್ಲದೆ ಅಳುವುದು ಅಥವಾ ಸಿಡುಕುವುದು, ಸ್ನಾನ-ಬಟ್ಟೆಗಳ ಕಡೆ ಲಕ್ಷ್ಯ ತಪ್ಪುವುದು: ಇವು ಸಾಮಾನ್ಯ ಲಕ್ಷಣಗಳು. ಖಿನ್ನತೆಯಿರುವ ಹುಡುಗರನ್ನು ಸೋಮಾರಿ ಎಂದು ಬೈಯುವುದು ಎಲ್ಲ ಊರುಗಳಲ್ಲಿಯೂ ಕಾಣುವ ಸಂಗತಿ.

ಪ್ರಾರ್ಥನಾ ಕೂಟಗಳಲ್ಲಿ ಹೆಚ್ಚು ಗೊಂದಲವಾಗುವುದು ಧ್ವನಿಗಳ ವಿಷಯದಲ್ಲಿ. ದೇವರು ತನ್ನೊಡನೆ ಮಾತನಾಡಿದನೆಂದು ಭಕ್ತರು ಹೇಳುವುದು ಯಾವ ಧರ್ಮಕ್ಕೂ ಹೊಸದಲ್ಲ; ಅಷ್ಟರಿಂದಲೇ ಯಾರನ್ನೂ ರೋಗಿ ಎನ್ನಲಾಗದು. ಧ್ವನಿಯು ಏನು ಹೇಳಿತು ಎಂಬ ಚರ್ಚೆಗಿಂತ ವ್ಯಕ್ತಿಯ ದಿನಚರಿ ಏನಾಯಿತು ಎಂಬುದನ್ನು ನೋಡುವುದು ಸೂಕ್ತ. ಉದಾಹರಣೆಗೆ, ಪಿಯುಸಿ ಓದುತ್ತಿರುವ 17 ವರ್ಷದ ಹುಡುಗನೊಬ್ಬ ರಾತ್ರಿಯಿಡೀ ಎಚ್ಚರವಿದ್ದು, ಯಾರೂ ಇಲ್ಲದ ಕಡೆ ಉತ್ತರ ಕೊಡುತ್ತಾ, ಮನೆಯವರು ಅನ್ನದಲ್ಲಿ ವಿಷ ಹಾಕಿದ್ದಾರೆಂದು ಊಟ ಬಿಟ್ಟು, ಕಾಲೇಜು ನಿಲ್ಲಿಸಿದ್ದರೆ ಅದು ಭಕ್ತಿಯ ಹೆಚ್ಚಳವೂ ಅಲ್ಲ, ದೆವ್ವದ ಕಾಟವೂ ಅಲ್ಲ. ಮನೋವಿಕಲತೆಯ ಆರಂಭವಿರಬಹುದು. ಇಂತಹ ಸ್ಥಿತಿಯಲ್ಲಿ ಚಿಕಿತ್ಸೆ ಬೇಗ ಆರಂಭವಾದಷ್ಟೂ ಗುಣ ಹೆಚ್ಚು. ಮೈಮೇಲೆ ಬಂದಂತೆ ಆಡುವ ಕೆಲವು ಹೆಣ್ಣುಮಕ್ಕಳಲ್ಲಿ ಹೇಳಿಕೊಳ್ಳಲಾಗದ ಸಂಕಟ ಅಡಗಿರುತ್ತದೆ. ಮತ್ತೆ ಕೆಲವರಿಗೆ ಇರುವುದು ಮೂರ್ಛೆ ರೋಗ, ಅದಕ್ಕೆ ಮಾತ್ರೆಯುಂಟು.

ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆಯುತ್ತದೆ. ಮಗ ಚರ್ಚಿಗೆ ಬರಲೊಲ್ಲ, ಮಗಳು ಮನೆಯವರು ಒಪ್ಪಿದ ಮದುವೆಗೆ ಒಪ್ಪಲಿಲ್ಲ ಎಂಬ ಕಾರಣಕ್ಕೆ ವೈದ್ಯರ ಬಳಿ ಕರೆತರುವವರಿದ್ದಾರೆ. ಸಮುದಾಯದಲ್ಲಿ ರೂಢಿಯಲ್ಲಿರುವ ಧಾರ್ಮಿಕ ನಂಬಿಕೆ ಅಥವಾ ನೈತಿಕ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲವೆಂಬ ಆಧಾರದ ಮೇಲೆ ಯಾರಿಗೂ ಮಾನಸಿಕ ಕಾಯಿಲೆಯಿದೆಯೆಂದು ನಿರ್ಧರಿಸತಕ್ಕದ್ದಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ರ 3 ನೇ ಪ್ರಕರಣವು ವಿಧಿಸುತ್ತದೆ.

ಸಭೆಯ ಪಾಲಕರು ಮತ್ತು ಹಿರಿಯರು

ಪ್ರಾರ್ಥನೆಗೂ ಔಷಧಕ್ಕೂ ವೈರವಿದೆ ಎಂಬ ಭಾವನೆ ಈ ಭಾಗದ ಕ್ರೈಸ್ತ ಸಭೆಗಳ ಇತಿಹಾಸಕ್ಕೆ ಒಪ್ಪುವುದಿಲ್ಲ. 1837 ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನೇ ಕಟ್ಟಿತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಕೇಳಲು ಬಂದವರಿಗೆ ಅಲ್ಲಿಯೇ ಮನೋವೈದ್ಯರ ಸಲಹೆಯೂ ದೊರೆಯುವಂತೆ ಮಾಡಲಾಯಿತು. ದರ್ಗಾದ ಮುಜಾವರರೇ ರೋಗಿಗಳನ್ನು ವೈದ್ಯರ ಬಳಿ ಕಳುಹಿಸಿದರು.

ನಮ್ಮ ಸಭೆಗಳಲ್ಲಿಯೂ ಇದು ಸಾಧ್ಯ. ಪಾಲಕರು ಮೊದಲು ಕೇಳಿಸಿಕೊಳ್ಳಬೇಕು, ಆ ಬಳಿಕ ಪ್ರಾರ್ಥಿಸಿ, ಸಾಧ್ಯವಾದರೆ ತಾವೇ ಕುಟುಂಬದೊಡನೆ ಆಸ್ಪತ್ರೆಗೆ ಹೋಗಬೇಕು. ಈ ತಾಲೂಕುಗಳ ಸಭೆಗಳು ಚಿಕ್ಕವು, ಎಲ್ಲರಿಗೂ ಎಲ್ಲರೂ ಪರಿಚಿತರು. ಆದಕಾರಣ ಯುವಕನ ಹೆಸರನ್ನು ಬಹಿರಂಗ ಪ್ರಾರ್ಥನೆಯಲ್ಲಿ ಅವನ ಒಪ್ಪಿಗೆಯಿಲ್ಲದೆ ಎತ್ತಬಾರದು. ಸಹಾನುಭೂತಿಯಿಂದ ಹೇಳಿದ ಮಾತೂ ಸಂಜೆಯೊಳಗೆ ಸಂತೆ ಮುಟ್ಟುತ್ತದೆ. ‘ವಿಶ್ವಾಸವಿದ್ದರೆ ಮಾತ್ರೆ ಬೇಡ’ ಎಂಬ ಸಲಹೆಯನ್ನು ಎಂದಿಗೂ ನೀಡಬಾರದು. ಖಿನ್ನತೆಯ ಔಷಧವು ಪರಿಣಾಮ ತೋರಲು ಎರಡರಿಂದ ಆರು ವಾರ ಬೇಕಾಗಬಹುದು. ಗುಣವಾದ ಮೇಲೂ ವೈದ್ಯರು ಹೇಳುವವರೆಗೆ ಅದನ್ನು ನಿಲ್ಲಿಸುವಂತಿಲ್ಲ.

ಕಾನೂನು ನಿಷೇಧಿಸಿರುವುದು

ತಮಿಳುನಾಡಿನ ಎರ್ವಾಡಿಯಲ್ಲಿ 2001 ರ ಆಗಸ್ಟ್ 6 ರಂದು ದರ್ಗಾದ ಆಸುಪಾಸಿನ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಿಹಾಕಲಾಗಿದ್ದ ರೋಗಿಗಳು ಓಡಲಾರದೆ ಹೋದರು. 28 ಮಂದಿ ಮೃತಪಟ್ಟರು. ಇಂದು 2017 ರ ಅಧಿನಿಯಮದ 95 ನೇ ಪ್ರಕರಣದನ್ವಯ ಮಾನಸಿಕ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದು ನಿಷಿದ್ಧ. ರೋಗಿಗಳನ್ನು ಆರೈಕೆಗಾಗಿ ಇರಿಸಿಕೊಳ್ಳುವ ಸಂಸ್ಥೆಯು ನೋಂದಣಿ ಹೊಂದಿರತಕ್ಕದ್ದು. ಪ್ರಾರ್ಥನಾ ಗೃಹ ಎಂಬ ಹೆಸರಿನಿಂದ ಇದಕ್ಕೆ ವಿನಾಯಿತಿ ದೊರೆಯುವುದಿಲ್ಲ. ನೋಂದಣಿಯಿಲ್ಲದೆ ನಡೆಸಿದಲ್ಲಿ ಮೊದಲ ಬಾರಿಗೆ ರೂ. 5,000 ದಿಂದ ರೂ. 50,000 ದವರೆಗೆ ದಂಡವಿದೆ.

2020 ರಲ್ಲಿ ಜಾರಿಗೆ ಬಂದ ಕರ್ನಾಟಕದ ವಾಮಾಚಾರ ಪ್ರತಿಬಂಧಕ ಅಧಿನಿಯಮದ ಪ್ರಕಾರ ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಮೊದಲಾದವು ಅಪರಾಧ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯವರಿಗೆ ಆ ಹೊಗೆಯ ಉರಿಯನ್ನು ವಿವರಿಸಬೇಕಾಗಿಲ್ಲ. ಪೂಜೆ, ಪ್ರಾರ್ಥನೆಗಳಿಗೆ ಈ ಕಾನೂನಿನಿಂದ ಯಾವ ಅಡ್ಡಿಯೂ ಇಲ್ಲ.

ಜೀವಕ್ಕೆ ಅಪಾಯವಿದ್ದಲ್ಲಿ

ಸಾಯುವ ಮಾತನ್ನಾಡುವ ಯುವಕ-ಯುವತಿಯರನ್ನು ಒಂಟಿಯಾಗಿ ಬಿಡಬಾರದು. ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅನೇಕರಿಗೆ ಅದರಿಂದ ಭಾರ ಇಳಿಯುತ್ತದೆ. ಒಕ್ಕಲುತನದ ಮನೆಗಳಲ್ಲಿ ಕೀಟನಾಶಕ ಹಾಗೂ ಕಳೆನಾಶಕದ ಡಬ್ಬಿಗಳು ಪಡಸಾಲೆಯಲ್ಲಿಯೇ ಇರುವುದು ರೂಢಿ. ಅವುಗಳನ್ನು ಅಂದೇ ಮನೆಯಿಂದ ಹೊರಗೆ, ಬೀಗದೊಳಗೆ ಇಡಿರಿ. ಏನಾದರೂ ಸೇವಿಸಿದ್ದರೆ 108 ಕ್ಕೆ ಕರೆ ಮಾಡಿ, ಡಬ್ಬಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಪ್ರಕರಣದ ಭಯದಿಂದ ತಡಮಾಡಬಾರದು: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅನ್ಯಥಾ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಗುರಿಪಡಿಸತಕ್ಕದ್ದಲ್ಲ ಎಂದು 115 ನೇ ಪ್ರಕರಣ ಹೇಳುತ್ತದೆ.

ಸೇವೆ ಪಡೆಯುವ ವಿಧಾನ

ಟೆಲಿ-ಮಾನಸ್ ಸಹಾಯವಾಣಿ 14416 ಕ್ಕೆ ಹಗಲು-ರಾತ್ರಿ ಉಚಿತವಾಗಿ, ಕನ್ನಡದಲ್ಲಿ ಮಾತನಾಡಬಹುದು. 2022 ರ ಅಕ್ಟೋಬರ್ 10 ರಂದು ಆರಂಭವಾದ ಈ ಸೇವೆಗೆ ರೋಗಿಯೇ ಕರೆ ಮಾಡಬೇಕೆಂದಿಲ್ಲ. ತಾಯಿ, ಶಿಕ್ಷಕರು, ಪಾಲಕರು ಯಾರೂ ಕೇಳಬಹುದು. ಊರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ತಾಲೂಕಾ ಆಸ್ಪತ್ರೆಗೆ ಬರಬಹುದು. ತಾಲೂಕಾ ಆಸ್ಪತ್ರೆಗಳಲ್ಲಿ ಮಂಗಳವಾರದ ಮನಃಚೈತನ್ಯ ಚಿಕಿತ್ಸಾಲಯವನ್ನು 2014 ರಲ್ಲಿ ಆರಂಭಿಸಲಾಯಿತು. ಹೊರಡುವ ಮುನ್ನ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿಕೊಳ್ಳಿರಿ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ.

ಮುಂದಿನ ಚಿಕಿತ್ಸೆಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಹಾಗೂ ಧಾರವಾಡದ ಡಿಮ್ಹಾನ್ಸ್ ಇವೆ. 1845 ರಲ್ಲಿ ಸ್ಥಾಪನೆಯಾದ ಧಾರವಾಡದ ಮಾನಸಿಕ ಆಸ್ಪತ್ರೆಯೇ 2009 ರಲ್ಲಿ ಡಿಮ್ಹಾನ್ಸ್ ಆಯಿತು. ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಹಳೆಯ ಕುಚೋದ್ಯದಿಂದಾಗಿ ಕೆಲವರು ಅಲ್ಲಿಗೆ ಹೋಗಲು ನಾಚುತ್ತಾರೆ. ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಹೊರರೋಗಿಗಳಾಗಿ ತೋರಿಸಿಕೊಂಡು ಮನೆಗೆ ಮರಳುತ್ತಾರೆ. ಹಿರೇಕೆರೂರಿನ ಕಡೆಯವರಿಗೆ ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಸಮೀಪ.

18 ವರ್ಷದೊಳಗಿನವರನ್ನು ದಾಖಲಿಸಿಕೊಳ್ಳಬೇಕಾದಲ್ಲಿ ಪೋಷಕರು ಅರ್ಜಿ ನೀಡಬೇಕು. ಅವರನ್ನು ವಯಸ್ಕರಿಂದ ಬೇರೆಯಾಗಿ ಇರಿಸಲಾಗುವುದು ಮತ್ತು ಮನೆಯವರೊಬ್ಬರು ಕಡೆಯವರೆಗೂ ಜೊತೆಯಲ್ಲಿರಬೇಕು. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ಕಾನೂನುಬದ್ಧ ಹಕ್ಕು. ಮದುವೆ, ನೌಕರಿಗಳ ಚಿಂತೆಯಿಂದ ಆಸ್ಪತ್ರೆಗೆ ಬರದಿರಲು ಕಾರಣವಿಲ್ಲ.

ಕಾಯಿಲೆಯು ದೀರ್ಘಕಾಲ ಉಳಿದು ದುಡಿಮೆ-ಓದಿಗೆ ಅಡ್ಡಿಯಾಗಿದ್ದಲ್ಲಿ ಅಂಗವಿಕಲತೆಯ ಪ್ರಮಾಣಪತ್ರ ಹಾಗೂ ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ಅಗತ್ಯ. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುವರು. ಆಧಾರ್ ಚೀಟಿ, ಭಾವಚಿತ್ರ ಹಾಗೂ ಮೊದಲ ಭೇಟಿಯಿಂದ ಇಲ್ಲಿಯವರೆಗಿನ ಎಲ್ಲ ಚಿಕಿತ್ಸಾ ಚೀಟಿಗಳನ್ನು ಜೋಪಾನವಾಗಿಟ್ಟು ತರತಕ್ಕದ್ದು. ಚಿಕಿತ್ಸೆ ಪಡೆಯಲು ಈ ಪ್ರಮಾಣಪತ್ರ ಬೇಕಾಗಿಲ್ಲ. ಹಕ್ಕು ನಿರಾಕರಿಸಲ್ಪಟ್ಟಲ್ಲಿ ತಾಲೂಕಾ ಕಾನೂನು ಸೇವಾ ಸಮಿತಿಯನ್ನು ಅಥವಾ 15100 ನ್ನು ಸಂಪರ್ಕಿಸಬಹುದು.