ಕೊರಳ ಮುತ್ತು

ಗೋಕಾಕಕ್ಕೆ ಬಂದವರು ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ರಜೆಯಲ್ಲಿ ನಾನು ನಡೆದು ನೋಡುವುದು ಬೇರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಓಣಿಗಳಲ್ಲಿ ಹೆಣ್ಣಿನ ದಾಸ್ಯಕ್ಕೆ ಶಾಸನದ ಕಲ್ಲಿಲ್ಲ. ಅದರ ಗುರುತು ಇದ್ದದ್ದು ಹೆಂಗಸರ ಕೊರಳಲ್ಲಿ, ಕೆಂಪು ಬಿಳಿ ಮಣಿಯ ಸರವಾಗಿ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ಹೆಚ್ಚಾಗಿ ದಲಿತ ಕೇರಿಯ ಹುಡುಗಿಯರು. ಗಂಡುಮಗನಿಲ್ಲದ ಮನೆಯಲ್ಲಿ ಮಗಳನ್ನೇ ಮಗನಂತೆ ಉಳಿಸಿಕೊಳ್ಳುವ ಉಪಾಯವೂ ಅದಾಗಿತ್ತು. ಹರಕೆ ದೇವಿಯದು, ಅನುಕೂಲ ಊರಿನ ಉಳ್ಳವರದು.

ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಇದನ್ನು ತಡೆಯುವ ಕಾಯ್ದೆ ಬಂತು; ದೇವದಾಸಿಯ ಮದುವೆ ಸಿಂಧುವೆಂದೂ ಹೇಳಿತು. ಕರ್ನಾಟಕದ ಕಾಯ್ದೆ 1982ರದು. ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಸೆರೆ, ಹೆತ್ತವರೇ ಕಟ್ಟಿಸಿದರೆ 5 ವರ್ಷದವರೆಗೆ. ಹಸಿದ ತಾಯಿಗೆ ಹೆಚ್ಚು ಶಿಕ್ಷೆ. ಆಕೆಯ ಮಗಳನ್ನು ಇಟ್ಟುಕೊಂಡವನ ಮಾತೇ ಇಲ್ಲ! ಕಾಯ್ದೆ ಬರೆದವರು ಗಂಡಸರೇ ಇರಬೇಕು.

ಘಟಪ್ರಭಾದ ಬೀದಿಯಲ್ಲಿ ನನ್ನ ನಡಿಗೆ ನಿಧಾನವಾಗುತ್ತದೆ. 1997ರಲ್ಲಿ ಮಾಜಿ ದೇವದಾಸಿಯರು ತಾವೇ ಕೂಡಿ ಇಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, 'ಮಾಸ್', ಕಟ್ಟಿದರು. ಹುಣ್ಣಿಮೆಯ ಜಾತ್ರೆಗೆ ಹೋಗಿ ತಡೆದರು, ಉಳಿತಾಯದ ಸಂಘ ಮಾಡಿದರು, ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

"ಅಕ್ಕಾರ, ಅಪ್ಪನ ಹೆಸರ ಏನಂತ ಬರಸೂದ್ರಿ?" ಶಾಲೆಗೆ ಮಗು ಸೇರಿಸಲು ಬಂದ ತಾಯಂದಿರಿಂದ ಈ ಪ್ರಶ್ನೆಯನ್ನು ನಾನೆಷ್ಟು ಸಲ ಕೇಳಿದ್ದೇನೆ! ಆ ಕಾಲಂ ಕಡ್ಡಾಯವಲ್ಲವೆನ್ನುವ ಮಸೂದೆಯನ್ನು ವಿಧಾನಸಭೆ ಒಪ್ಪಿದ್ದು 2025ರಲ್ಲಿ.