ಎರಡು ಹೆಣ್ಣು ಜರ್ಬಿಲ್ ಒಂದೇ ಪಂಜರದಲ್ಲಿ: ಜಗಳ ತಾನಾಗಿ ನಿಲ್ಲುತ್ತದೆಯೇ?

ಹೊಸ ಹೆಣ್ಣು ಜರ್ಬಿಲ್ ಎರಡು ದಿನ ಕಚ್ಚಾಡಿ ಆಮೇಲೆ ಹೊಂದಿಕೊಳ್ಳುತ್ತದೆ ಎಂಬ ಮಾತು ಸರಿಯಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹೊಲಗಳಲ್ಲಿ ಬಿಲ ತೋಡುವ ಜರ್ಬಿಲ್ ಬೇರೆ ಜಾತಿ. ಸಾಕುವ ಈ ಇಲಿಯಂಥ ಪ್ರಾಣಿ ಮಂಗೋಲಿಯಾ ಮೂಲದ್ದು. ಇವು ತಮ್ಮವರನ್ನು ಗುರುತಿಸುವುದು ವಾಸನೆಯಿಂದ. ವಾಸನೆ ಬೇರೆಯಾದರೆ ಹೊಸಬಳು ಶತ್ರು, ಕಚ್ಚಿ ಕೊಂದೇಬಿಡಬಹುದು.

ಆದ್ದರಿಂದ ಮೊದಲು ನಡುವೆ ಜಾಲರಿ ಹಾಕಿ, ದಿನಕ್ಕೆ ಹಲವು ಸಲ ಅವುಗಳ ಜಾಗ ಅದಲುಬದಲು ಮಾಡಿ. ವಾರವಾದರೂ ಬೇಕು. ಕೂಡಿಸಿದ ಮೇಲೆ 4–6 ದಿನಕ್ಕೊಮ್ಮೆ ಒಂದು ಇನ್ನೊಂದನ್ನು ಬೆನ್ನಟ್ಟಿ ಮೈಮೇಲೆ ಏರಿದರೆ ಗಾಬರಿ ಬೇಡ, ಅದು ಬೆದೆಯ ಲಕ್ಷಣವಿರಬಹುದು. ಎರಡೂ ಚೆಂಡಿನಂತೆ ಸುತ್ತಿಕೊಂಡು ಉರುಳಿದರೆ ಮಾತ್ರ ದಪ್ಪ ಕೈಗವಸು ತೊಟ್ಟು ತಕ್ಷಣ ಬೇರ್ಪಡಿಸಿ. ರಕ್ತ ಬಂದ ಜೋಡಿಯನ್ನು ಮತ್ತೆ ಕೂಡಿಸುವ ಸಾಹಸ ಬೇಡ ಎನ್ನುತ್ತೇವೆ ನಾವು.